ಪಿಗ್ ಕೊಟ್ಟ ಗೆರೆಗೂ ಹಳೆಯ ಅಲೈನ್‌ಮೆಂಟ್ ಶೀಟಿನ ಗೆರೆಗೂ 6ರಿಂದ 14 ಮೀಟರ್ ಅಂತರ: ಜಿಐಎಸ್‌ನಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು?

ಗೆರೆಗಾರ:

ಎಲ್ಲರಿಗೂ ನಮಸ್ಕಾರ. 24 ಇಂಚಿನ ನ್ಯಾಚುರಲ್ ಗ್ಯಾಸ್ ಲೈನ್, ಉದ್ದ 112 ಕಿ.ಮೀ. ಜಿಐಎಸ್‌ನಲ್ಲಿ (ಕಂಪ್ಯೂಟರ್ ನಕ್ಷೆ ವ್ಯವಸ್ಥೆ) ಈಗಿರುವ ಸೆಂಟರ್‌ಲೈನ್, ಅಂದರೆ ಪೈಪಿನ ದಾರಿ ತೋರಿಸುವ ಗೆರೆ, ಹಳೆಯ ಅಲೈನ್‌ಮೆಂಟ್ ಶೀಟುಗಳನ್ನು (ಪೈಪ್ ಹೋಗುವ ದಾರಿಯ ಕಾಗದದ ನಕ್ಷೆ) ಸ್ಕ್ಯಾನ್ ಮಾಡಿ ಅದರ ಮೇಲೆ ಎಳೆದದ್ದು. ಈಗ ಐಎಂಯು (ಚಲನೆ, ದಿಕ್ಕು ಅಳೆಯುವ ಸಾಧನ) ಇರುವ ಪಿಗ್ (ಪೈಪಿನೊಳಗೆ ಸಾಗುತ್ತಾ ಪರೀಕ್ಷಿಸುವ ಯಂತ್ರ) ಓಡಿಸಿದ ಮೇಲೆ ಹೊಸ ಗೆರೆಯೊಂದು ಕೈಗೆ ಬಂದಿದೆ. ಬಹುತೇಕ ಕಡೆ ಎರಡಕ್ಕೂ 2 ಮೀಟರ್ ಒಳಗೇ ವ್ಯತ್ಯಾಸ. ಆದರೆ 41ರಿಂದ 46ನೇ ಕಿ.ಮೀ. ನಡುವೆ 6 ಮೀಟರ್ ತನಕ, 78ನೇ ಕಿ.ಮೀ. ಹತ್ತಿರ 14 ಮೀಟರ್ ತನಕ ಹೋಗುತ್ತದೆ. ಚೈನೇಜೂ (ಲೈನಿನ ಆರಂಭದಿಂದ ಅಳೆದ ದೂರ) ತಾಳೆಯಾಗುತ್ತಿಲ್ಲ. ಕೊನೆಯ ಸ್ಟೇಷನ್ ಮುಟ್ಟುವ ಹೊತ್ತಿಗೆ ಪಿಗ್ಗಿನ ಲೆಕ್ಕ ನಮ್ಮ ಲೆಕ್ಕಕ್ಕಿಂತ 340 ಮೀಟರ್ ಜಾಸ್ತಿ.

44ನೇ ಕಿ.ಮೀ.ನಲ್ಲಿ ರಸ್ತೆ ಅಗಲೀಕರಣ ಶುರುವಾಗಲಿದೆ. ಪೈಪ್ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಒಂದು ಡ್ರಾಯಿಂಗ್ ಕೊಡಿ ಅಂತ ಕಂಟ್ರಾಕ್ಟರ್ ಕೇಳುತ್ತಿದ್ದಾರೆ. ಅಲ್ಲಿ ಲೊಕೇಟರ್ (ಪೈಪಿಗೆ ಕೊಟ್ಟ ಸಿಗ್ನಲ್ಲನ್ನು ನೆಲದ ಮೇಲಿಂದ ಹಿಡಿದು ಪೈಪ್ ಪತ್ತೆ ಮಾಡುವ ಉಪಕರಣ) ತೋರಿಸಿದ ಆಳ 1.5 ಮೀಟರ್. ಪಿಗ್ ಗೆರೆಯನ್ನೇ ಸೀದಾ ಸೆಂಟರ್‌ಲೈನ್ ಮಾಡಿಬಿಡಬಹುದೇ? ಚೈನೇಜ್ ಸರಿಪಡಿಸುವುದು ಹೇಗೆ? ಕಂಟ್ರಾಕ್ಟರ್ ಕೈಗೆ ಏನು ಕೊಡಬೇಕು?

ನೆಲಮಟ್ಟ:

ಪಿಗ್ ಗೆರೆಯನ್ನು ಸೀದಾ ಹಾಕಬೇಡಿ ಸರ್. ಮೊದಲು ಆ ಅಂತರದ ಆಕಾರ ನೋಡಿ. ಲೈನಿನ ಉದ್ದಕ್ಕೂ ಒಂದೇ ದಿಕ್ಕಿಗೆ ಒಂದೇ ಅಳತೆಯಷ್ಟು ಜರುಗಿದ್ದರೆ ಅದು ಡೇಟಮ್ (ನಿರ್ದೇಶಾಂಕಗಳ ಮೂಲ ಆಧಾರ) ಅಥವಾ ಪ್ರೊಜೆಕ್ಷನ್ (ದುಂಡನೆಯ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ) ತಪ್ಪು. ಹಳೆಯ ಸ್ಥಳೀಯ ಡೇಟಮ್‌ಗೂ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್84ಕ್ಕೂ ನೂರು ಮೀಟರ್‌ಗಟ್ಟಲೆ ವ್ಯತ್ಯಾಸ ಬರುವುದುಂಟು. ನಿಮ್ಮಲ್ಲಿ ಎರಡೇ ಜಾಗದಲ್ಲಿ ಇದೆ, ಹಾಗಾಗಿ ಕಾರಣವೂ ಆ ಜಾಗದ್ದೇ.

41–46ರ ನಡುವೆ ಅಂತರ ಎರಡೂ ತುದಿಯಲ್ಲಿ ಸೊನ್ನೆಯಾಗಿ, ಮಧ್ಯದಲ್ಲಿ ಬಿಲ್ಲಿನಂತೆ ಬಾಗಿದೆಯೇ? ಹಾಗಿದ್ದರೆ ಪಿಗ್ಗಿನದೇ ದೋಷ. ಐಎಂಯು ಒಳಗಿನ ಗೈರೊಸ್ಕೋಪ್ ಸಮಯ ಕಳೆದಂತೆ ನಿಧಾನವಾಗಿ ದಾರಿ ತಪ್ಪುತ್ತದೆ. ಅದನ್ನು ಮತ್ತೆ ಜಾಗಕ್ಕೆ ತರುವುದು ನೆಲದ ಮೇಲಿಟ್ಟ ಎಜಿಎಂ ಪೆಟ್ಟಿಗೆಗಳು, ಅಂದರೆ ಕೆಳಗೆ ಪಿಗ್ ಹಾದುಹೋದದ್ದನ್ನು ಗುರುತಿಸುವ ಸಾಧನಗಳು. ಸಾಮಾನ್ಯವಾಗಿ ಸಾವಿರಕ್ಕೆ ಒಂದು ಎಂಬ ನಿಖರತೆ ಹೇಳುತ್ತಾರೆ. ಅಂದರೆ ಎರಡು ಎಜಿಎಂ ನಡುವೆ 2 ಕಿ.ಮೀ. ಇದ್ದರೆ ಸುಮಾರು 2 ಮೀಟರ್ ದೋಷ. ನಡುವಿನ ಎರಡು ಎಜಿಎಂ ಪಿಗ್ ಹೋದದ್ದನ್ನು ಹಿಡಿಯದೇ ಹೋಗಿದ್ದರೆ 2 ಕಿ.ಮೀ. ಇದ್ದದ್ದು 6 ಕಿ.ಮೀ. ಆಗುತ್ತದೆ, ದೋಷವೂ 6 ಮೀಟರ್ ಆಗುತ್ತದೆ. ಪಿಗ್ ವರದಿಯ ಕೊನೆಯಲ್ಲಿ ಎಜಿಎಂ ಪಟ್ಟಿ ಇರುತ್ತದೆ, ಯಾವುದು ದಾಖಲಾಗಿಲ್ಲ ನೋಡಿ.

ಇನ್ನೊಂದನ್ನು ಬಹಳ ಜನ ಗಮನಿಸುವುದೇ ಇಲ್ಲ. ಎಜಿಎಂನ ಜಾಗವನ್ನು ಯಾವುದರಿಂದ ಅಳೆದರು? ಕೈಯಲ್ಲಿ ಹಿಡಿಯುವ ಜಿಪಿಎಸ್ ಆಗಿದ್ದರೆ 3ರಿಂದ 5 ಮೀಟರ್ ಆಚೀಚೆ, ಆ ದೋಷ ಪಿಗ್ ಗೆರೆಗೂ ಹಾಗೇ ಇಳಿಯುತ್ತದೆ. ಲೊಕೇಟರ್ ಪಕ್ಕದ ಬೇರೆ ಪೈಪನ್ನು ಹಿಡಿದು ಎಜಿಎಂ ಅದರ ಮೇಲೆ ಇಟ್ಟಿದ್ದರೆ ಇನ್ನೂ ಕೆಟ್ಟದು. ಆಗ ಸರಿಯಾಗಿ ಓಡಿದ ಪಿಗ್ಗನ್ನು ನಾವೇ ತಪ್ಪು ಜಾಗಕ್ಕೆ ಎಳೆದಂತೆ.

ತೀರ್ಪು ಕೊಡುವುದು ಗುಂಡಿ ಮಾತ್ರ. ಅನುಮಾನ ಇರುವ ತುಂಡಿನಲ್ಲಿ ಕನಿಷ್ಠ ಮೂರು ಕಡೆ, ಅದರಲ್ಲೊಂದು ಸರಿಯಾಗಿ ಮಧ್ಯದಲ್ಲಿ, ವ್ಯಾಕ್ಯೂಮ್ ಯಂತ್ರದಿಂದ ಅಥವಾ ಕೈಯಿಂದ ತೋಡಿಸಿ. ಪೈಪಿನ ನೆತ್ತಿ ಕಂಡ ಮೇಲೆ ಸುಮಾರು 1 ಮೀಟರ್ ಅಂತರದಲ್ಲಿ ಎರಡು ಬಿಂದು ಆರ್‌ಟಿಕೆಯಲ್ಲಿ (ಸೆಂಟಿಮೀಟರ್ ನಿಖರತೆಯ ಉಪಗ್ರಹ ಸರ್ವೆ) ಹಿಡಿಯಿರಿ, ಜಾಗದ ಜೊತೆ ದಿಕ್ಕೂ ಸಿಗುತ್ತದೆ. ಅಡ್ಡಡ್ಡ 2–3 ಸೆಂ.ಮೀ. ನಿಖರತೆ ಸುಲಭ, ಎತ್ತರ ಅದಕ್ಕಿಂತ ಸ್ವಲ್ಪ ಸಡಿಲ. ಗುಂಡಿಯಲ್ಲಿ ವೆಲ್ಡ್ ಕಂಡರೆ ಅದನ್ನು ಬಿಡಲೇಬೇಡಿ, ಅದರ ಮೇಲೂ ಒಂದು ಬಿಂದು. ಮಣ್ಣು ಮುಚ್ಚುವ ಮುಂಚೆಯೇ ಇದೆಲ್ಲ ಆಗಬೇಕು.

ಆರ್‌ಟಿಕೆ ಕೊಡುವುದು ಎಲಿಪ್ಸಾಯ್ಡ್ ಎತ್ತರ (ಭೂಮಿಯ ಗಣಿತದ ಆಕಾರದಿಂದ ಅಳೆದದ್ದು), ಹಳೆಯ ಶೀಟಿನಲ್ಲಿರುವುದು ಸಮುದ್ರಮಟ್ಟದಿಂದ ಎತ್ತರ. ಒಂದನ್ನು ಇನ್ನೊಂದಕ್ಕೆ ಬದಲಿಸುವ ಜಿಯೋಯ್ಡ್ ಮಾದರಿ ಹಾಕದೆ ಎರಡನ್ನೂ ಒಂದೇ ಕಾಲಮ್‌ಗೆ ತುಂಬಿದರೆ ಹತ್ತಾರು ಮೀಟರ್ ವ್ಯತ್ಯಾಸ ಬರಬಹುದು.

ಟೆಸ್ಟ್‌ಪೋಸ್ಟ್:

1.5 ಮೀಟರ್ ಎಂದು ಕಂಟ್ರಾಕ್ಟರ್‌ಗೆ ದಯವಿಟ್ಟು ಹೇಳಬೇಡಿ. ಲೊಕೇಟರ್ ತೋರಿಸುವುದು ಪೈಪಿನ ನೆತ್ತಿಯ ಆಳವಲ್ಲ, ಪೈಪಿನ ಮಧ್ಯದ ಆಳ. 24 ಇಂಚು ಎಂದರೆ 610 ಮಿ.ಮೀ., ಅರ್ಧ 305. 1.5ರಲ್ಲಿ ಅದನ್ನು ಕಳೆದರೆ ಮೇಲಿರುವ ಮಣ್ಣು 1.2 ಮೀಟರ್ ಮಾತ್ರ. ಬಕೆಟ್ಟಿನ ಹಲ್ಲಿಗೆ 30 ಸೆಂ.ಮೀ. ಅನ್ನುವುದು ಒಂದೇ ಬಾರಿಯ ಎಳೆತ. ಅಲ್ಲಿ ಕೇಸಿಂಗ್ ಪೈಪ್ (ನಮ್ಮ ಪೈಪಿನ ಹೊರಗೆ ಕವಚದಂತಿರುವ ದೊಡ್ಡ ಪೈಪ್) ಇದ್ದರೆ ಅದರ ಹೊರಮೈ ಇನ್ನೂ ಮೇಲೆ ಬರುತ್ತದೆ, ಯಂತ್ರಕ್ಕೆ ಮೊದಲು ತಾಗುವುದು ಅದೇ.

ಆ 1.5 ನಂಬಬಹುದೇ ಎನ್ನುವುದನ್ನೂ ಅಲ್ಲೇ ಪರೀಕ್ಷಿಸಬಹುದು. ಲೊಕೇಟರನ್ನು ನೆಲದಿಂದ ಸರಿಯಾಗಿ 50 ಸೆಂ.ಮೀ. ಎತ್ತಿ ಹಿಡಿಯಿರಿ. ರೀಡಿಂಗ್ 2.0 ಆಗಬೇಕು. 1.8 ಅಥವಾ 2.3 ಬಂದರೆ ಸಿಗ್ನಲ್ ಕಲಬೆರಕೆಯಾಗಿದೆ. ಆಮೇಲೆ ಪೀಕ್ (ಪೈಪಿನ ಮೇಲೆ ಸಿಗ್ನಲ್ ಅತಿ ಹೆಚ್ಚು) ಮತ್ತು ನಲ್ (ಪೈಪಿನ ಮೇಲೆ ಸಿಗ್ನಲ್ ಅತಿ ಕಡಿಮೆ) ಎರಡೂ ಮೋಡ್‌ನಲ್ಲಿ ಜಾಗ ಗುರುತು ಮಾಡಿ. ಎರಡು ಗುರುತಿನ ನಡುವೆ 15 ಸೆಂ.ಮೀ.ಗಿಂತ ಹೆಚ್ಚಿದ್ದರೆ ಆ ಜಾಗದ ಆಳವನ್ನು ದಾಖಲೆಗೆ ಬರೆಯಬೇಡಿ.

ಸಿಗ್ನಲ್ ಕೊಡುವ ಟ್ರಾನ್ಸ್‌ಮಿಟರನ್ನು ನೆಲದ ಮೇಲಿಟ್ಟು ಇಂಡಕ್ಷನ್‌ನಲ್ಲಿ (ತಂತಿ ಜೋಡಿಸದೆ) ಓಡಿಸಿದ್ದರೆ ಮತ್ತೆ ಮಾಡಿ, ಈ ಸಲ ಸಿಪಿ (ತುಕ್ಕು ತಡೆಯಲು ಪೈಪಿಗೆ ವಿದ್ಯುತ್ ಕೊಡುವ ಕ್ಯಾಥೋಡಿಕ್ ಪ್ರೊಟೆಕ್ಷನ್) ಟೆಸ್ಟ್ ಪಾಯಿಂಟ್‌ನ ಕೇಬಲ್‌ಗೆ ನೇರ ಜೋಡಿಸಿ. 512 ಹರ್ಟ್ಸ್‌ನಂಥ ಕಡಿಮೆ ಫ್ರೀಕ್ವೆನ್ಸಿ ದೂರ ಹೋಗುತ್ತದೆ, ಪಕ್ಕದ ಪೈಪಿಗೆ ಅಷ್ಟಾಗಿ ಹಾರುವುದಿಲ್ಲ. 33 ಕಿಲೋಹರ್ಟ್ಸ್ ಸಿಕ್ಕಿದ ಲೋಹಕ್ಕೆಲ್ಲ ಹಾರುತ್ತದೆ. ಪಕ್ಕದಲ್ಲಿ ಬೇರೆ ಲೈನಿದ್ದು ಎರಡಕ್ಕೂ ಬಾಂಡ್ (ವಿದ್ಯುತ್ ತಂತಿಯ ಜೋಡಣೆ) ಇದ್ದರೆ, ಸಿಪಿ ವಿಭಾಗದವರ ಒಪ್ಪಿಗೆ ಪಡೆದು ಪರೀಕ್ಷೆ ಮುಗಿಯುವ ತನಕ ಬಿಚ್ಚಿಸಿ. ಮತ್ತೆ, ಜೋರಾದ ಸಿಗ್ನಲ್ ಕೊಡುವುದೇ ನಮ್ಮ ಪೈಪ್ ಅಂತಲ್ಲ. ಮೇಲ್ಮಟ್ಟದಲ್ಲಿರುವ ಸಣ್ಣ ಕೇಬಲ್ಲೂ ಜೋರಾಗಿ ಕೂಗುತ್ತದೆ. ಕರೆಂಟ್ ರೀಡಿಂಗ್ ಮಿಲಿಆಂಪ್‌ನಲ್ಲಿ ಯಾವುದರಲ್ಲಿ ಹೆಚ್ಚಿದೆ ನೋಡಿ, ನಾವು ಜೋಡಿಸಿದ ಲೈನ್ ಅದು.

ವೆಲ್ಡ್‌ಟ್ಯಾಲಿ:

ಚೈನೇಜ್ ವಿಷಯಕ್ಕೆ ಬರುತ್ತೇನೆ. ಪಿಗ್ಗಿನ ಓಡೋಮೀಟರ್ (ದೂರ ಅಳೆಯುವ) ಚಕ್ರ ಜಾರಿದರೆ ಲೆಕ್ಕ ಕಡಿಮೆ ಬರಬೇಕು. ನಿಮ್ಮಲ್ಲಿ 340 ಮೀಟರ್ ಜಾಸ್ತಿ ಬಂದಿದೆ, ಆದ್ದರಿಂದ ಜಾರಿದ್ದು ಕಾರಣವಲ್ಲ. ಉಳಿದದ್ದು ಮೂರು. ಚಕ್ರ ಸವೆದಿದ್ದರೆ ವ್ಯತ್ಯಾಸ ಮೊದಲಿಂದ ಕೊನೆಯವರೆಗೆ ಸಮನಾಗಿ ಏರುತ್ತದೆ. ಹಳೆಯ ಚೈನೇಜ್ ಕಾಗದದ ಮೇಲಿನ ಸಮತಲ ಉದ್ದವಾಗಿದ್ದು ಪಿಗ್ ಇಳಿಜಾರಿನ ಉದ್ದಕ್ಕೆ ಅಳೆದಿದ್ದರೆ ಗುಡ್ಡದ ತುಂಡುಗಳಲ್ಲಿ ಮಾತ್ರ ಏರುತ್ತದೆ. 10 ಡಿಗ್ರಿ ಇಳಿಜಾರಿನಲ್ಲಿ ಕಿ.ಮೀ.ಗೆ 15 ಮೀಟರ್. ಎಲ್ಲೋ ಪೈಪನ್ನು ಬೇರೆ ದಾರಿಗೆ ತಿರುಗಿಸಿ ಸ್ಟೇಷನ್ ಈಕ್ವೇಷನ್ (ಹಳೆಯ ಚೈನೇಜಿಗೂ ಹೊಸದಕ್ಕೂ ಹೊಂದಿಕೆ ಮಾಡುವ ಟಿಪ್ಪಣಿ) ಬರೆಯದೇ ಬಿಟ್ಟಿದ್ದರೆ ಅಲ್ಲಿ ಒಮ್ಮೆಲೇ ಜಿಗಿಯುತ್ತದೆ. ವ್ಯತ್ಯಾಸವನ್ನು ಚೈನೇಜ್ ಎದುರು ಒಂದು ಗ್ರಾಫ್ ಹಾಕಿ. 78ರಲ್ಲಿ ಜಿಗಿತ ಕಂಡರೆ ಆ 14 ಮೀಟರ್‌ಗೂ ಅದೇ ಉತ್ತರ.

ಸರಿಪಡಿಸುವಾಗ ರಬ್ಬರ್ ಎಳೆದಂತೆ ಇಡೀ ಲೈನನ್ನು ಹಿಗ್ಗಿಸಲು ಹೋಗಬೇಡಿ. ಗಟ್ಟಿ ಆಧಾರ ಎಂದರೆ ಸುತ್ತುವೆಲ್ಡ್, ಅಂದರೆ ಎರಡು ಪೈಪ್ ತುಂಡುಗಳನ್ನು ಸೇರಿಸುವ ಬೆಸುಗೆ. ಪಿಗ್ ಪ್ರತಿ ವೆಲ್ಡನ್ನೂ ಎಣಿಸಿದೆ, ಪೈಪ್‌ಬುಕ್‌ನಲ್ಲಿ (ಲೈನ್ ಹಾಕುವಾಗ ಬರೆದ ಪೈಪುಗಳ ಪಟ್ಟಿ) ಪ್ರತಿ ತುಂಡಿನ ಉದ್ದವಿದೆ. 11.94, 12.10, 12.02, 4.35, 11.88 ಎಂಬ ಸಾಲಿನಲ್ಲಿ 4.35 ಎಂಬುದು ಬರೀ ಒಂದು ತುಂಡಲ್ಲ, ಗುರುತಿನ ಚೀಟಿ. ಇಂಥ ಗಿಡ್ಡ ತುಂಡು, ಬೆಂಡ್, ವಾಲ್ವ್, ಟೀ ಇವುಗಳನ್ನು ಮೊದಲು ಜೋಡಿಸಿ, ನಡುವಿನವು ತಾವಾಗಿ ಕೂರುತ್ತವೆ. ಇನ್ನು ಮುಂದೆ ದೋಷ, ರಿಪೇರಿ, ಕೋಟಿಂಗ್ ಎಲ್ಲವನ್ನೂ ವೆಲ್ಡ್ ನಂಬರಿಗೂ ಅದರಿಂದ ಎಷ್ಟು ಮೀಟರ್ ಎನ್ನುವುದಕ್ಕೂ ಕಟ್ಟಿ. ಚೈನೇಜ್ ನಾಳೆ ಬದಲಾದರೂ ವೆಲ್ಡ್ ಬದಲಾಗುವುದಿಲ್ಲ. ಪೈಪ್‌ಲೈನ್ ದತ್ತಾಂಶ ಇಡಲು ಬಳಸುವ ಪಿಒಡಿಎಸ್ ಮಾದರಿಯಲ್ಲಿ ಇದಕ್ಕೆ ಜಾಗ ಇದ್ದೇ ಇದೆ.

ಪ್ರತಿ ಮಾಹಿತಿಗೂ ಮೂಲ, ತಾರೀಖು, ಅಳೆದ ವಿಧಾನ, ನಿಖರತೆ ಎಂಬ ನಾಲ್ಕು ಕಾಲಮ್ ಕಡ್ಡಾಯ ಮಾಡಿ. ಗೊತ್ತಿಲ್ಲದ ಜಾಗದಲ್ಲಿ "ಗೊತ್ತಿಲ್ಲ" ಎಂದೇ ಇರಲಿ, ಅಕ್ಕಪಕ್ಕದ ತುಂಡಿನ ಬೆಲೆಯನ್ನು ನಕಲು ಹಾಕಬೇಡಿ. 2010ರ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರುನೊದಲ್ಲಿ 30 ಇಂಚಿನ ಗ್ಯಾಸ್ ಲೈನ್ ಸಿಡಿದು 8 ಜನ ಸತ್ತರು. ಜಿಐಎಸ್‌ನಲ್ಲಿ ಆ ತುಂಡು ಸೀಮ್‌ಲೆಸ್ (ಉದ್ದಕ್ಕೆ ಬೆಸುಗೆಯೇ ಇಲ್ಲದ್ದು) ಎಂದಿತ್ತು. ನೆಲದಲ್ಲಿದ್ದದ್ದು ಗಿಡ್ಡ ಗಿಡ್ಡ ತುಂಡುಗಳನ್ನು ಸೇರಿಸಿದ, ಉದ್ದ ಸೀಮಿನ ವೆಲ್ಡ್ ಪೂರ್ತಿ ಒಳಗಿಳಿಯದ ಪೈಪ್. ತಪ್ಪು ಶಬ್ದ ಕಾಲಮ್‌ನಲ್ಲಿ ಇದ್ದಷ್ಟು ಕಾಲ ಆ ತುಂಡಿನ ಮೇಲೆ ಯಾರಿಗೂ ಅನುಮಾನ ಹುಟ್ಟಲಿಲ್ಲ. ಖಾಲಿ ಕಾಲಮ್ ಆಗಿದ್ದರೆ ಯಾರಾದರೂ ಕೇಳುತ್ತಿದ್ದರು.

ಗೆರೆಗಾರ:

ಬಹಳ ಉಪಕಾರವಾಯಿತು. ಪಟ್ಟಿ ನೋಡಿದೆ, 40.5 ಮತ್ತು 46.5ರ ನಡುವಿನ ಎರಡು ಎಜಿಎಂ ದಾಖಲಾಗಿಲ್ಲ. 78ರಲ್ಲಿ ಗ್ರಾಫ್ ಒಮ್ಮೆಲೇ ಜಿಗಿದಿದೆ, ಹಾಗಾಗಿ ಅದು ದಾರಿ ಬದಲಿಸಿದ ಜಾಗವೇ. ಮಿಕ್ಕದ್ದು ಗುಡ್ಡದ ತುಂಡುಗಳಲ್ಲಿ ಏರಿದೆ. ಈಗ ರಸ್ತೆ ಕೆಲಸಕ್ಕೆ ಏನು ಕೊಡಲಿ? ಲೈನಿನ ಅಕ್ಕಪಕ್ಕದ ಮನೆ, ಕಟ್ಟಡಗಳ ಜನವಸತಿ ಲೆಕ್ಕವನ್ನೂ ಮತ್ತೆ ಮಾಡಬೇಕೇ?

ನೆಲಮಟ್ಟ:

ಜಿಐಎಸ್‌ನಿಂದ ಪ್ರಿಂಟ್ ತೆಗೆದು ಕೊಡಬೇಡಿ ಸರ್. ನಕ್ಷೆ ನಮ್ಮ ಯೋಜನೆಗೆ, ಅಗೆಯುವವರಿಗೆ ನೆಲದ ಮೇಲಿನ ಗೂಟ. ಗುಂಡಿಗಳಲ್ಲಿ ಸಿಕ್ಕಿದ ಬಿಂದುಗಳನ್ನು ಆಧಾರವಾಗಿಟ್ಟು, ನಡುವೆ ಲೊಕೇಟರ್‌ನಿಂದ 5 ಮೀಟರ್‌ಗೊಂದು ಗೂಟ ಹೊಡೆಸಿ. ಬಾಗಿರುವಲ್ಲಿ ಇನ್ನೂ ಹತ್ತಿರ. ಜೊತೆಗೆ ಕೊಡುವ ಹಾಳೆಯಲ್ಲಿ ಯಾವ ಬಿಂದು ಕಣ್ಣಾರೆ ಕಂಡದ್ದು, ಯಾವುದು ಲೊಕೇಟರ್‌ನದು, ಯಾವುದು ಬರೀ ದಾಖಲೆಯದು ಎಂದು ಬೇರೆ ಬೇರೆ ಗುರುತು ಹಾಕಿ. ಅಮೆರಿಕದ ಸಿವಿಲ್ ಇಂಜಿನಿಯರುಗಳ ಸಂಘದ ಎಎಸ್‌ಸಿಇ 38 ಮಾನದಂಡದಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಗುಣಮಟ್ಟ ಇರುವುದು ಇದಕ್ಕೇ. ಎ ಎಂದರೆ ತೆರೆದು ನೋಡಿದ್ದು, ಡಿ ಎಂದರೆ ಕಾಗದದಲ್ಲಿ ಮಾತ್ರ ಇರುವುದು.

ಅಮೆರಿಕದ ಹಲವು ರಾಜ್ಯಗಳಲ್ಲಿ ಪೈಪಿನ ಹೊರಅಂಚಿನಿಂದ ಎರಡೂ ಬದಿ 18ರಿಂದ 24 ಇಂಚು ಯಂತ್ರಕ್ಕೆ ನಿರ್ಬಂಧ. ಆದರೆ ಆ ಅಳತೆ ನೆಲದಲ್ಲಿ ಗುರುತು ಮಾಡಿದ ಪೈಪಿಗೆ. 6 ಮೀಟರ್ ಅನುಮಾನ ಇರುವ ಗೆರೆಗೆ ಅದನ್ನು ಅಂಟಿಸಿದರೆ ಪೈಪೇ ಪಟ್ಟೆಯ ಹೊರಗೆ ಉಳಿಯುತ್ತದೆ.

ಆಳವನ್ನು "1.2 ಮೀಟರ್" ಎಂದು ಬರೆಯುವ ಬದಲು ಪೈಪಿನ ನೆತ್ತಿಯ ಮಟ್ಟ ಬರೆಯಿರಿ. ಅಗಲೀಕರಣದಲ್ಲಿ ನೆಲವೇ ಬದಲಾಗುತ್ತದೆ. 60 ಸೆಂ.ಮೀ. ಮಣ್ಣು ಕತ್ತರಿಸಿದ ದಿನ ಆ 1.2 ಸುಳ್ಳಾಗುತ್ತದೆ, ನೆತ್ತಿಯ ಮಟ್ಟ ಸುಳ್ಳಾಗುವುದಿಲ್ಲ.

ಕೆಲಸ ಮುಗಿಯುವ ತನಕ ನಿಮ್ಮವರೊಬ್ಬರು ಅಲ್ಲಿರಲಿ. ಯಂತ್ರ ತಾಗಿ ಬರೀ ಗೀರು ಬಿದ್ದರೂ ದಾಖಲಾಗಲೇಬೇಕು. ಬೆಲ್ಜಿಯಂನ ಗಿಲೆಂಗಿಯನ್‌ನಲ್ಲಿ 2004ರ ಜುಲೈ 30ರಂದು 24 ಜನರನ್ನು ಬಲಿ ತೆಗೆದುಕೊಂಡ ಲೈನಿಗೆ ಯಂತ್ರದ ಏಟು ಬಿದ್ದದ್ದು ಅದಕ್ಕೂ ಮುಂಚೆ.

ವೆಲ್ಡ್‌ಟ್ಯಾಲಿ:

ಜನವಸತಿ ಲೆಕ್ಕ ಖಂಡಿತ ಮತ್ತೆ ಮಾಡಬೇಕು, ಅದರಲ್ಲೂ 78ರಲ್ಲಿ. ಪೈಪ್ ಸಿಡಿದರೆ ಎಷ್ಟು ದೂರದವರೆಗೆ ಅಪಾಯ ಎಂದು ಹೇಳಲು ನ್ಯಾಚುರಲ್ ಗ್ಯಾಸ್‌ಗೆ ಅಮೆರಿಕದ ನಿಯಮದ ಸೂತ್ರ ಎಂದರೆ 0.69ನ್ನು ಇಂಚಿನಲ್ಲಿರುವ ವ್ಯಾಸದಿಂದಲೂ ಪಿಎಸ್‌ಐನಲ್ಲಿರುವ ಗರಿಷ್ಠ ಒತ್ತಡದ ವರ್ಗಮೂಲದಿಂದಲೂ ಗುಣಿಸುವುದು, ಉತ್ತರ ಅಡಿಯಲ್ಲಿ. 24 ಇಂಚು, 1000 ಪಿಎಸ್‌ಐ ಹಾಕಿದರೆ 524 ಅಡಿ, ಸುಮಾರು 160 ಮೀಟರ್. ಸೆಂಟರ್‌ಲೈನ್ 14 ಮೀಟರ್ ಜರುಗಿದರೆ ಆ ಪಟ್ಟೆಯೂ ಅಷ್ಟೇ ಜರುಗುತ್ತದೆ. ಅಂಚಿನಲ್ಲಿದ್ದ ಶಾಲೆಯೊಂದು ಹೊರಗಿದ್ದದ್ದು ಒಳಗೆ ಬರಬಹುದು. ಕಟ್ಟಡಗಳನ್ನು ಮಧ್ಯದ ಒಂದು ಚುಕ್ಕೆಯಾಗಿ ಇಟ್ಟುಕೊಂಡಿದ್ದರೆ ಅದನ್ನೂ ಬದಲಿಸಿ; ಪಟ್ಟೆಗೆ ಗೋಡೆಯ ಮೂಲೆ ತಾಗಿದರೂ ಆ ಕಟ್ಟಡ ಲೆಕ್ಕಕ್ಕೆ ಬರಬೇಕು. ಹಾಗೆಯೇ ದಾಖಲಾಗದ ಆ ಎರಡು ಎಜಿಎಂ ಜಾಗದಲ್ಲಿ ಗುಂಡಿ ತೋಡಿದ ಮೇಲೆ ಸಿಕ್ಕ ನಿರ್ದೇಶಾಂಕಗಳನ್ನು ಪಿಗ್ ಕಂಪನಿಗೆ ಕಳಿಸಿ. ಐಎಂಯುವಿನ ಮೂಲ ದತ್ತಾಂಶ ಅವರಲ್ಲಿರುತ್ತದೆ, ಪಿಗ್ ಮತ್ತೆ ಓಡಿಸದೆಯೇ ಗೆರೆಯನ್ನು ಹೊಸದಾಗಿ ಲೆಕ್ಕ ಹಾಕಿ ಕೊಡಬಹುದು.