ಕೋಟೆ ತೋರಿಸೋಕೆ ಆನ್‌ಲೈನ್ ಕೋರ್ಸ್ ಸಾಕಾ?

ಚಳ್ಳಕೆರೆ ಹುಡುಗಿ: ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಇನ್‌ಕ್ರೆಡಿಬಲ್ ಇಂಡಿಯಾ ಟೂರಿಸ್ಟ್ ಫೆಸಿಲಿಟೇಟರ್ ಕೋರ್ಸ್‌ಗೆ ಸೇರಿದ್ದೇನೆ. ಪಾಠವೆಲ್ಲ ಆನ್‌ಲೈನ್, ಮೊಬೈಲ್‌ನಲ್ಲೇ ಓದುತ್ತೇನೆ. ಚಿತ್ರದುರ್ಗ ಕೋಟೆಯಲ್ಲಿ ಗೈಡ್ ಆಗುವ ಆಸೆ. ಹಳಬರ ಹಿಂದೆ ವರ್ಷಗಟ್ಟಲೆ ಸುಮ್ನೆ ಅಲೆಯುವುದಕ್ಕಿಂತ ಇದೇ ವಾಸಿ ಅಲ್ವಾ?

ಏಳುಸುತ್ತು: "ಸುಮ್ನೆ ಅಲೆಯುವುದು" ಅಂದ್ಯಾ ತಂಗಿ? ಅಲೆಯದೆ ಕೋಟೆ ಗೊತ್ತಾಗುವುದಿಲ್ಲ. ಓಬವ್ವನ ಕಿಂಡಿಯಲ್ಲಿ ಒಂದು ಸಲ ನುಸುಳಿ ನೋಡು. ಒಬ್ಬೊಬ್ಬರೇ ಬಗ್ಗಿ ಬರಬೇಕು. ಒನಕೆ ಏಟು ಯಾಕೆ ಗುರಿ ತಪ್ಪಲಿಲ್ಲ ಅಂತ ಆಗ ತಿಳಿಯುತ್ತದೆ. ಗುಂಡಿಯೊಳಗಿನ ಸಿಡಿಮದ್ದು ಬೀಸುವ ಕಲ್ಲುಗಳನ್ನು ಆನೆ ಕಟ್ಟಿ ತಿರುಗಿಸುತ್ತಿದ್ದರು. ಆ ಗುಂಡಿ ಎಷ್ಟು ದೊಡ್ಡದು ಅಂತ ಮೊಬೈಲ್‌ನಲ್ಲಿ ಗೊತ್ತಾಗುತ್ತದಾ?

ಹರಿಹರದವ: ಆನೆನಾ? ಆ ಗುಂಡಿಯೊಳಗೆ ಆನೆ ಎಲ್ಲಿ ತಿರುಗುತ್ತದೆ ಸ್ವಾಮಿ? ಎತ್ತೋ ಕೋಣವೋ ಇರಬೇಕು. ಇದಕ್ಕೇ ಕೋರ್ಸ್ ಬೇಕು ಅನ್ನೋದು.

ಏಳುಸುತ್ತು: 22 ವರ್ಷದಿಂದ ಕೋಟೆ ಹತ್ತುತ್ತಿದ್ದೇನೆ. ನಮ್ಮ ತಾತ ಹೇಳಿದ್ದೂ ಆನೆ ಅಂತಲೇ.

ಹರಿಹರದವ: ಹೈದರ್ ಅಲಿ ಮದಕರಿ ನಾಯಕರಿಂದ ಕೋಟೆ ಕಿತ್ತುಕೊಂಡದ್ದು 1779ರಲ್ಲಿ. ನಿಮ್ಮ ತಾತ ಆಗ ಅಲ್ಲಿದ್ದರಾ?

ಏಳುಸುತ್ತು: ತಾತನ ಸುದ್ದಿಗೆ ಬರಬೇಡಿ!! ನೀವು ಹರಿಹರೇಶ್ವರ ಗುಡಿಯ ಕಂಬ ಎಣಿಸಿಕೊಂಡಿರಿ.

ಹರಿಹರದವ: ಎಣಿಸುತ್ತೇವೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಶಾಸನ ಇದೆ, ಬಾಯಿಮಾತಲ್ಲ.

ನಿವೃತ್ತ ಮೇಷ್ಟ್ರು: "ಶಾಸನ ಇದೆ" ಅಂದಿರಿ, ಸಂತೋಷ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನದೇ ಶಾಸನ ಇದೆ. ಶಾಸನ ತಜ್ಞ ಬಿ. ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. 1947ರಲ್ಲಿ ಪುರಾತತ್ವ ತಜ್ಞ ವೀಲರ್ ಬಂದು ಅಗೆದರು. ಅಲ್ಲಿಗೆ ಎಷ್ಟು ಬಸ್ ಹೋಗುತ್ತವೆ? ಓಬವ್ವನ ಕತೆ ಕೇಳೋಕೆ ಎಷ್ಟು ಬರುತ್ತವೆ? ನೀವೇ ಲೆಕ್ಕ ಹಾಕಿ.

ಹರಿಹರದವ: ಬಸ್ ಲೆಕ್ಕ ಯಾರು ಕೇಳಿದರು ಮೇಷ್ಟ್ರೇ? ಕೇಳಿದ್ದು ಆನೆ ಲೆಕ್ಕ.

ಬೆಣ್ಣೆ ದೋಸೆ: ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೋಟೆ ಕತೆ ಕೇಳುತ್ತಾ ನಿಂತಿದ್ದೆ. ಕೋತಿ ಬಂದು ಮಂಡಕ್ಕಿ ಪೊಟ್ಟಣ ಕಿತ್ಕೊಂಡು ಹೋಯಿತು. ಈ ಪಾಠ ಯಾವ ಕೋರ್ಸ್‌ನಲ್ಲಿದೆ?

ಚಳ್ಳಕೆರೆ ಹುಡುಗಿ: ಆನೆ, ಕೋಣ, ಬಸ್, ಕೋತಿ ಎಲ್ಲ ಆಯಿತು. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಇಲ್ಲ. ಕಳೆದ ತಿಂಗಳು ನಮ್ಮ ಗುಂಪಿನಲ್ಲಿ ಒಬ್ಬ ಅಜ್ಜಿ ಬಿಸಿಲಿಗೆ ತಲೆಸುತ್ತಿ ಕುಸಿದರು. ನೀರು ಕೊಟ್ಟವಳು ನಾನು. ಗೈಡ್ ಕತೆ ನಿಲ್ಲಿಸಲೇ ಇಲ್ಲ. ಜನರನ್ನು ನೋಡಿಕೊಳ್ಳುವುದನ್ನು ಯಾರ ತಾತ ಕಲಿಸುತ್ತಾರೆ?

ಏಳುಸುತ್ತು: ಮತ್ತೆ ತಾತ! ಒಬ್ಬ ಮಾಡಿದ್ದಕ್ಕೆ ಗೈಡ್‌ಗಳೆಲ್ಲರ ಮೇಲೆ ಗೂಬೆ ಕೂರಿಸಬೇಡ ತಂಗಿ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಕೋಟೆ ಬಾಗಿಲಿಗೆ ಬಾ, ಏಳು ಸುತ್ತೂ ತೋರಿಸುತ್ತೇನೆ. ಹರಿಹರದವರೂ ಬರಲಿ. ಟೇಪ್ ತರುತ್ತೇನೆ, ಗುಂಡಿ ಅಳೆದೇ ಬಿಡೋಣ.

ಹರಿಹರದವ: ಟೇಪ್ ನಾನೇ ತರುತ್ತೇನೆ. ನಿಮ್ಮದು ತಾತನ ಕಾಲದ್ದಿದ್ದರೆ ಕಷ್ಟ.