ವಿಟಮಿನ್ ರಕ್ತಪರೀಕ್ಷೆ: ನಮ್ಮ ಬಡಾವಣೆ ಗುಂಪಿನಲ್ಲಿ ಲ್ಯಾಬ್ ಡಾಕ್ಟರೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ಕುವೆಂಪುನಗರದ ನಮ್ಮ ಪಾರ್ಕಿನಲ್ಲಿ ಖಾಸಗಿ ಲ್ಯಾಬೊಂದರವರು ‘ವಿಟಮಿನ್ ಮತ್ತು ಆಂಟಿಆಕ್ಸಿಡೆಂಟ್ ಪ್ಯಾಕೇಜ್’ ಶಿಬಿರ ಹಾಕುತ್ತಾರಂತೆ. ಕರಪತ್ರವನ್ನು ಎಲ್ಲರ ಗೇಟಿಗೂ ಸಿಕ್ಕಿಸಿ ಹೋಗಿದ್ದಾರೆ. ಮಾಡಿಸಬೇಕೋ ಬೇಡವೋ ಎಂದು ಎಲ್ಲರೂ ಕೇಳುತ್ತಿರುವುದರಿಂದ ನಮ್ಮ ರಸ್ತೆಯ ಲ್ಯಾಬ್ ಡಾಕ್ಟರು ಇಂದು ಹತ್ತರಿಂದ ಹನ್ನೆರಡರವರೆಗೆ ಉತ್ತರಿಸಲು ಒಪ್ಪಿದ್ದಾರೆ. ಮನೆ ನಂಬರ್ ಹಾಕಿ ಕೇಳಿ. ಫಾರ್ವರ್ಡ್ ಬೇಡ.

ಮನೆ 8: ನಮಸ್ಕಾರ ಮೇಡಂ. ಡಿ ಮತ್ತು ಬಿ12 ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ?

ಡಾಕ್ಟರ್: ಬೇಕಿಲ್ಲ, ಇಡ್ಲಿ ತಿಂದೇ ಹೋಗಿ. ಎ ಮತ್ತು ಇ ಮಾಡಿಸುವವರು ಮಾತ್ರ ರಾತ್ರಿ ಊಟದ ನಂತರ ಏನೂ ತಿನ್ನಬಾರದು. ಅವು ರಕ್ತದ ಕೊಬ್ಬಿನ ಜೊತೆ ಓಡಾಡುವ ವಿಟಮಿನ್‌ಗಳು.

ಮನೆ 19: ಮೇಡಂ, ನಮ್ಮ ಅತ್ತೆಗೆ ವಿಟಮಿನ್ ಡಿ 11 ಬಂದಿತ್ತು. 60,000 ಯೂನಿಟ್ಟಿನ ಪುಡಿ ಕೊಡುತ್ತಿದ್ದೇವೆ. ಮತ್ತೆ ಯಾವಾಗ ಪರೀಕ್ಷೆ ಮಾಡಿಸಬೇಕು?

ಡಾಕ್ಟರ್: ಬರೆದುಕೊಟ್ಟಿರುವ ವಾರಗಳು ಮುಗಿದ ಮೇಲೆ. ವಾರಕ್ಕೆ ಒಂದೇ ತಾನೇ ಕೊಡುತ್ತಿರುವುದು?

ಮನೆ 40: ಜಿಂಕ್ ಪರೀಕ್ಷೆಗೆ ಬೇರೆ ಟ್ಯೂಬಿನಲ್ಲಿ ರಕ್ತ ತೆಗೆಯಬೇಕು ಎನ್ನುತ್ತಾರೆ. ನಿಜವೇ?

ಮನೆ 31: ನನಗೆ 61 ವರ್ಷ. ಸಸ್ಯಾಹಾರಿ. ಸಕ್ಕರೆ ಕಾಯಿಲೆಗೆ ಒಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್. ಬಿ12 168 ಬಂದಿದೆ. ಪಾದ ಜುಮುಗುಟ್ಟುತ್ತದೆ. ಇದು ಸಕ್ಕರೆಯಿಂದಲೋ ಬಿ12 ಕೊರತೆಯಿಂದಲೋ?

ಡಾಕ್ಟರ್: ಎರಡರಿಂದಲೂ ಆಗಬಹುದು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಕರುಳು ಬಿ12 ಹೀರಿಕೊಳ್ಳುವುದು ತಗ್ಗುತ್ತದೆ. ಹಾಗೆಂದು ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ. ವರದಿ ಹಿಡಿದು ಈ ವಾರವೇ ನಿಮ್ಮ ವೈದ್ಯರ ಬಳಿ ಹೋಗಿ. ಮನೆಯಲ್ಲಿರುವ ಫೋಲಿಕ್ ಆಸಿಡ್ ಮಾತ್ರೆಯನ್ನಷ್ಟೇ ನುಂಗಿ ಕೂರಬೇಡಿ. ಅದರಿಂದ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ಒಳಗೆ ನರ ಹಾಳಾಗುತ್ತಲೇ ಇರುತ್ತದೆ.

ಮನೆ 5: ಫಾರ್ವರ್ಡ್ ಆಗಿ ಬಂದದ್ದು, ಎಲ್ಲರಿಗೂ ಉಪಯೋಗವಾಗಲಿ: ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ ಸೇರಿಸಿ ತಿಂದರೆ ಏಳೇ ದಿನದಲ್ಲಿ ಬಿ12 900ಕ್ಕೆ ಏರುತ್ತದೆ. ಇಂಜೆಕ್ಷನ್ ಮಾಫಿಯಾಕ್ಕೆ ಬೇಡವಾದ ಸತ್ಯ!

ಡಾಕ್ಟರ್: ತಂಗಳನ್ನ ಒಳ್ಳೆಯ ಊಟ, ನಾನೂ ತಿನ್ನುತ್ತೇನೆ. ನರ ಜುಮುಗುಟ್ಟುತ್ತಿರುವವರಿಗೆ ಅದು ಔಷಧವಲ್ಲ. ಮನೆ 31ರವರು ಇದನ್ನು ಓದಿ ಏಳು ದಿನ ಕಾಯಬಾರದು.

ಮನೆ 5: ನಮ್ಮ ತಾತ ಮೊಸರನ್ನದಲ್ಲಿಯೇ 92 ವರ್ಷ ಬದುಕಿದರು. ಯಾವ ಪರೀಕ್ಷೆಯೂ ಇರಲಿಲ್ಲ.

ಮನೆ 17: ಮೇಷ್ಟ್ರೇ, ನಮ್ಮದು ಮಳವಳ್ಳಿ ಕಡೆ. ಭಾನುವಾರ ಬಾಡೂಟ ತಪ್ಪಿಸದ ಮನೆಯಲ್ಲಿ ಬಿ12 ಸಮಸ್ಯೆಯೇ ಇರುವುದಿಲ್ಲ. ಸೊಪ್ಪು ತಿಂದು ಸೊರಗುವವರಿಗೆ ಇದೆಲ್ಲ.

ಮನೆ 5: ಗುಂಪಿನಲ್ಲಿ ಇಂಥ ಮಾತು ಬೇಕೇ? ಅಡ್ಮಿನ್ ಗಮನಿಸಿ.

ಡಾಕ್ಟರ್: ಮುದ್ದೆ ಜೊತೆ ನಾಟಿಕೋಳಿ ಸಾರು ಉಣ್ಣುವವರಿಗೂ ಬಿ12 ಕಡಿಮೆ ಬಂದದ್ದನ್ನು ನಾನು ನೋಡಿದ್ದೇನೆ. ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರು, ಹೊಟ್ಟೆಯ ಆಪರೇಷನ್ ಆದವರು ಏನು ತಿಂದರೂ ಹೀರಿಕೊಳ್ಳುವುದು ಕಷ್ಟ. ಮುಂದಿನ ಪ್ರಶ್ನೆ.

ಮನೆ 22: ಮೇಡಂ, ನನ್ನ ಮಗಳ ವರದಿ ನೋಡಿ. 24 ವರ್ಷ. ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ 0.02, ಟಿ3 ಮತ್ತು ಟಿ4 ಎರಡೂ ಜಾಸ್ತಿ. ಥೈರಾಯ್ಡ್ ಇಳಿಸುವ ಮಾತ್ರೆಯನ್ನು ನಾಳೆಯಿಂದ ಶುರು ಮಾಡಲು ಹೇಳಿದ್ದಾರೆ. ಆದರೆ ಅವಳು ಸಪೂರವಾಗಿಲ್ಲ, ಎದೆಬಡಿತವಿಲ್ಲ, ಕೈ ನಡುಗುವುದಿಲ್ಲ. ಅದೇ ವರದಿಯಲ್ಲಿ ವಿಟಮಿನ್ ಡಿ 96, ಬಿ12 1,500 ಇದೆ. ಅವೆರಡನ್ನೂ ಅವಳು ತೆಗೆದುಕೊಂಡೇ ಇಲ್ಲ.

ಡಾಕ್ಟರ್: ಕೂದಲು ಉದುರುವುದಕ್ಕೆ ಮಾತ್ರೆ ನುಂಗುತ್ತಿದ್ದಾಳೆಯೇ? ಡಬ್ಬಿಯ ಮೇಲೆ ‘ಬಯೋಟಿನ್’ ಎಂದಿದೆಯೇ ನೋಡಿ.

ಮನೆ 22: ಇದೆ! ಮೂರು ತಿಂಗಳಿಂದ. 10,000 ಮೈಕ್ರೋಗ್ರಾಂ ಎಂದು ಬರೆದಿದೆ. ನಿಮಗೆ ಹೇಗೆ ಗೊತ್ತಾಯಿತು?

ಡಾಕ್ಟರ್: ಬಿಸಿಲಿಗೇ ಹೋಗದ ಹುಡುಗಿಗೆ ಡಿ 96 ಬರುವುದಿಲ್ಲ, ಅದಕ್ಕೆ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಎಲ್ಲರೂ ಓದಿ.

ಬಯೋಟಿನ್ ಎಂದರೆ ಬಿ ಗುಂಪಿನ ಒಂದು ವಿಟಮಿನ್. ದಿನಕ್ಕೆ ನಮಗೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ. ಅವಳು ನುಂಗುತ್ತಿರುವುದು ಅದರ ಮುನ್ನೂರು ಪಟ್ಟಿಗಿಂತ ಹೆಚ್ಚು. ದೇಹಕ್ಕೆ ಇದು ದೊಡ್ಡ ವಿಷವೇನಲ್ಲ. ಕೆಡುವುದು ಪರೀಕ್ಷೆ. ಹಲವು ಯಂತ್ರಗಳಲ್ಲಿ ಹಾರ್ಮೋನನ್ನು ಹಿಡಿಯುವ ಕೊಕ್ಕೆಯೇ ಬಯೋಟಿನ್. ಯಂತ್ರದ ಸಣ್ಣ ಮಣಿಗಳ ಮೇಲೆ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಬಳಿದಿರುತ್ತಾರೆ. ಅದಕ್ಕೂ ಬಯೋಟಿನ್‌ಗೂ ಬಿಡಿಸಲಾಗದ ಅಂಟು. ರಕ್ತದಲ್ಲಿಯೇ ಬಯೋಟಿನ್ ತುಂಬಿ ಬಂದರೆ ಅದು ಮೊದಲೇ ಹೋಗಿ ಮಣಿಯ ಜಾಗವನ್ನೆಲ್ಲ ಹಿಡಿದುಬಿಡುತ್ತದೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಆಮೇಲೆ ಬಂದ ನಿಜವಾದ ಕೊಕ್ಕೆಗೆ ಜಾಗವಿಲ್ಲ, ಕೊಕ್ಕೆಯ ಜೊತೆ ಮಣಿಗೆ ಅಂಟಿ ಹೊಳೆಯಬೇಕಾದದ್ದು ಅಂಟುವುದಿಲ್ಲ, ಯಂತ್ರಕ್ಕೆ ಕಾಣುವ ಬೆಳಕು ಕಡಿಮೆಯಾಗುತ್ತದೆ.

ತಮಾಷೆ ಇರುವುದು ಇಲ್ಲಿ. ಟಿಎಸ್‌ಎಚ್ ಪರೀಕ್ಷೆಯಲ್ಲಿ ಬೆಳಕು ಕಡಿಮೆಯಾದರೆ ಯಂತ್ರ ‘ಕಡಿಮೆ ಇದೆ’ ಎಂದು ಓದುತ್ತದೆ. ಟಿ3, ಟಿ4, ವಿಟಮಿನ್ ಡಿ, ಬಿ12ರಂಥ ಚಿಕ್ಕ ಅಣುಗಳ ಲೆಕ್ಕ ಉಲ್ಟಾ: ಬೆಳಕು ಕಡಿಮೆಯಾದರೆ ‘ಜಾಸ್ತಿ ಇದೆ’ ಎಂದು ಓದುತ್ತದೆ. ನಿಜವಾಗಿ ಥೈರಾಯ್ಡ್ ಉಕ್ಕಿದಾಗಲೂ ಟಿಎಸ್‌ಎಚ್ ಕಡಿಮೆ, ಟಿ3, ಟಿ4 ಜಾಸ್ತಿ ಇರುತ್ತವೆ. ಹಾಗಾಗಿ ಎಲ್ಲ ತಪ್ಪುಗಳೂ ಕೂಡಿ ಥೈರಾಯ್ಡ್ ಉಕ್ಕುತ್ತಿದೆ ಎಂಬ ಅಚ್ಚುಕಟ್ಟಾದ ಸುಳ್ಳು ಕಥೆಯಾಗುತ್ತದೆ. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಕೂಡ ಹೀಗೆ ಸುಳ್ಳಾಗಿ ಕಡಿಮೆ ಬರಬಹುದು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಇದರ ಬಗ್ಗೆ ಎಚ್ಚರಿಸಿತ್ತು. ಅಲ್ಲಿ ಒಬ್ಬರು ಪ್ರಾಣವನ್ನೇ ಕಳೆದುಕೊಂಡಿದ್ದರು.

ಇಂದೇ ಆ ವೈದ್ಯರಿಗೆ ಫೋನ್ ಮಾಡಿ ಬಯೋಟಿನ್ ವಿಷಯ ಹೇಳಿ. ಅವರು ಒಪ್ಪಿದರೆ ಮೂರು ದಿನ ಬಯೋಟಿನ್ ನಿಲ್ಲಿಸಿ ಮತ್ತೆ ರಕ್ತ ಕೊಡಲಿ. ಬಯೋಟಿನ್ ಬಳಸದ ಯಂತ್ರವಿರುವ ಲ್ಯಾಬ್ ಆದರೆ ಇನ್ನೂ ಒಳ್ಳೆಯದು. ಹೊಸ ವರದಿಯನ್ನು ನನಗೂ ಕಳುಹಿಸಿ, ನೋಡುವ ಆಸೆಯಿದೆ.

ಮನೆ 22: ಜೀವ ಬಂದಂತಾಯಿತು ಅಮ್ಮ.

ಮನೆ 12: ಬಿ12 ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕೇ ಮೇಡಂ?

ಡಾಕ್ಟರ್: ಮೇಲೆ ಓದಿ.

ಮನೆ 26: ಕರಪತ್ರದಲ್ಲಿರುವ ‘ಒಟ್ಟು ಆಂಟಿಆಕ್ಸಿಡೆಂಟ್ ಶಕ್ತಿ’ ಪರೀಕ್ಷೆ ಹೇಗೆ? ಜೊತೆಗೆ ವಿಟಮಿನ್ ಸಿ ಕೂಡ ಇದೆ.

ಡಾಕ್ಟರ್: ಆ ಪರೀಕ್ಷೆಯಲ್ಲಿ ರಕ್ತದ ಯೂರಿಕ್ ಆಸಿಡ್ಡೇ ದೊಡ್ಡ ಪಾಲು ಅಂಕ ಗಳಿಸಿಕೊಡುತ್ತದೆ. ಅದೇ ಯೂರಿಕ್ ಆಸಿಡ್ ಹೆಚ್ಚಾಗಿ ಕಾಲಿನ ಹೆಬ್ಬೆರಳು ಊದಿಕೊಂಡು ಗೌಟ್‌ನಿಂದ ನರಳುತ್ತಿರುವವರಿಗೆ ‘ಅತ್ಯುತ್ತಮ’ ಎಂದು ಬರಬಹುದು. ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಇನ್ನು ವಿಟಮಿನ್ ಸಿ. ರಕ್ತ ತೆಗೆದ ಕೂಡಲೇ ಮಂಜುಗಡ್ಡೆಯಲ್ಲಿಟ್ಟು, ಬೆಳಕು ತಾಗದಂತೆ ನೋಡಿಕೊಂಡು, ಬೇಗ ಬೇರ್ಪಡಿಸಿ ಆಮ್ಲ ಬೆರೆಸಬೇಕು. ಶಾಮಿಯಾನದಡಿ ತೆಗೆದು ಸಂಜೆಯವರೆಗೆ ಬೈಕಿನ ಡಬ್ಬಿಯಲ್ಲಿ ಸುತ್ತಿಸಿದರೆ ಎಲ್ಲರಿಗೂ ಕೊರತೆಯೇ. ಕರಪತ್ರದ ಹಿಂಬದಿ ನೋಡಿ, ಅವರೇ ಮಾತ್ರೆಯನ್ನೂ ಮಾರುತ್ತಾರೆ.

ಮನೆ 5: ಆಂಟಿಆಕ್ಸಿಡೆಂಟ್ ಎಷ್ಟು ತಿಂದರೂ ಒಳ್ಳೆಯದೇ ಎಂದು ಎಲ್ಲ ಕಡೆ ಬರೆದಿದ್ದಾರೆ. ಕ್ಯಾರೆಟ್ಟಿನ ಸತ್ವದ ಮಾತ್ರೆ ಕ್ಯಾನ್ಸರ್ ತಡೆಯುತ್ತದೆ ಎಂಬ ವಿಡಿಯೋ ಹಾಕಲೇ?

ಡಾಕ್ಟರ್: ಹಾಕಬೇಡಿ. ಫಿನ್‌ಲ್ಯಾಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ಮಾಡಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ನೀವು ಹೇಳುವ ಕ್ಯಾರೆಟ್ಟಿನ ಸತ್ವ, ಅಂದರೆ ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು, ಕಡಿಮೆಯಾಗಿರಲಿಲ್ಲ. ಕ್ಯಾರೆಟ್ ತಿನ್ನಿ, ನುಗ್ಗೆಸೊಪ್ಪು ತಿನ್ನಿ, ಬೇಡ ಎಂದವರು ಯಾರು? ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆಯೇ ಇರುವ ಊರಿನಲ್ಲಿ ಕುಳಿತು ಆಹಾರವನ್ನು ವಿಡಿಯೋ ನೋಡಿ ಕಲಿಯುವ ಗತಿ ನಮಗೆ.

ಮನೆ 17: ಹಾಕಿದರು ಪೆಟ್ಟು!

ಮನೆ 5: ವಯಸ್ಸಿಗೆ ಮರ್ಯಾದೆ ಇಲ್ಲದ ಗುಂಪು.

ಮನೆ 17: ಮರ್ಯಾದೆ ಇದ್ದುದರಿಂದಲೇ ನಿಮ್ಮ ಫಾರ್ವರ್ಡ್‌ಗಳನ್ನು ಎರಡು ವರ್ಷ ಸಹಿಸಿದ್ದೇವೆ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮನೆ 40: ಜಿಂಕ್ ಟ್ಯೂಬಿನ ಬಗ್ಗೆ ಕೇಳಿದ್ದೆ.

ಮನೆ 3: ಡಿ ಪರೀಕ್ಷೆ ಖಾಲಿ ಹೊಟ್ಟೆಯಲ್ಲೋ?

ಡಾಕ್ಟರ್: ಅಯ್ಯೋ, ಅಲ್ಲ. ಮನೆ 19, ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಪುಡಿ ವಾರಕ್ಕೆ ಒಂದೇ ತಾನೇ?

ಮನೆ 19: ಕ್ಷಮಿಸಿ, ಅಡುಗೆಮನೆಯಲ್ಲಿದ್ದೆ. ದಿನಕ್ಕೆ ಒಂದು, ಹಾಲಿನಲ್ಲಿ. ಚೀಟಿಯಲ್ಲಿ ವಾರಕ್ಕೆ ಎಂದಿತ್ತಂತೆ. ಬೇಗ ಗುಣವಾಗಲಿ ಎಂದು ನಾದಿನಿ ದಿನವೂ ಕೊಡಿ ಎಂದಳು.

ಮನೆ 5: ವಿಟಮಿನ್ ತಾನೇ, ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ.

ಡಾಕ್ಟರ್: ಹೋಗುವುದಿಲ್ಲ! ಡಿ ಕೊಬ್ಬಿನಲ್ಲಿ ಕೂಡಿಕೊಂಡು ವಾರಗಟ್ಟಲೆ ಉಳಿಯುತ್ತದೆ. ನೀವು ಸ್ವಲ್ಪ ಸುಮ್ಮನಿರಿ. ಮನೆ 19, ಅತ್ತೆಗೆ ಬಾಯಾರಿಕೆ, ಮಲಬದ್ಧತೆ, ವಾಂತಿ ಇದೆಯೇ? ಮಾತು ತೊದಲುವುದು, ಮಂಕಾಗಿ ಕೂರುವುದು?

ಮನೆ 19: ನಾಲ್ಕು ದಿನದಿಂದ ಊಟ ಸೇರುತ್ತಿಲ್ಲ. ರಾತ್ರಿಯೆಲ್ಲ ನೀರು ಕುಡಿದು ಎದ್ದೆದ್ದು ಹೋಗುತ್ತಾರೆ. ನಿನ್ನೆ ನನ್ನನ್ನು ನಾದಿನಿಯ ಹೆಸರಿನಲ್ಲಿ ಕರೆದರು. ವಯಸ್ಸಾಯಿತು ಎಂದುಕೊಂಡೆವು.

ಡಾಕ್ಟರ್: ಪುಡಿಯನ್ನೂ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದನ್ನೂ ಈಗಲೇ ನಿಲ್ಲಿಸಿ. ರಕ್ತದ ಕ್ಯಾಲ್ಸಿಯಂ ಏರಿರಬಹುದು, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ನಾಳೆ ಎನ್ನಬೇಡಿ, ಇಂದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಕ್ಯಾಲ್ಸಿಯಂ, ಕ್ರಿಯಾಟಿನಿನ್, ವಿಟಮಿನ್ ಡಿ ಮೂರನ್ನೂ ನೋಡಲು ಹೇಳಿ. ಖಾಲಿ ಪ್ಯಾಕೆಟ್‌ಗಳಿದ್ದರೆ ಎಸೆಯಬೇಡಿ, ಎಣಿಸಿ ಜೊತೆಗೆ ಒಯ್ಯಿರಿ.

ಮನೆ 17: ಅಕ್ಕ, ನನ್ನ ಕಾರು ಇದೆ. ಗೇಟಿನ ಹತ್ತಿರ ಬರುತ್ತೇನೆ.

ಅಡ್ಮಿನ್: ಉಳಿದವರು ದಯವಿಟ್ಟು ಏನೂ ಬರೆಯಬೇಡಿ.

ಮನೆ 19: ಎಣಿಸಿದೆ ಮೇಡಂ. ಡಬ್ಬಿಯಲ್ಲಿ ಖಾಲಿ ಪ್ಯಾಕೆಟ್ 41 ಇವೆ.

ಡಾಕ್ಟರ್: ಹೊರಡಿ. ನನ್ನ ಫೋನ್ ಕೈಯಲ್ಲೇ ಇರುತ್ತದೆ.