ನಾಲ್ಕು ವರ್ಷದ ಮಗಳು ಮನೆಯಲ್ಲಿ ಮೊಸರನ್ನ ಬಿಟ್ಟು ಬೇರೇನೂ ಉಣ್ಣುವುದಿಲ್ಲ

ಪ್ರಶ್ನೆ: ಬೇಲೂರು ತಾಲ್ಲೂಕಿನ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ಬೇಲೂರಿನ ಸಮೀಪದ ಹಳ್ಳಿಯವರು. ಅತ್ತೆ, ಮಾವ, ಮೈದುನನ ಸಂಸಾರ ಎಲ್ಲರೂ ಕೂಡಿ ಇರುವ ಮನೆ. ನನ್ನ ಮಗಳಿಗೆ ಈಗಷ್ಟೇ ನಾಲ್ಕು ವರ್ಷ ತುಂಬಿದೆ. ಒಂದೂವರೆ ವರ್ಷದವರೆಗೆ ರಾಗಿ ಸರಿ, ಬೇಳೆಕಟ್ಟು, ಮೆತ್ತಗಿನ ಅನ್ನ ಹೀಗೆ ಕೊಟ್ಟದ್ದನ್ನೆಲ್ಲ ತಿನ್ನುತ್ತಿದ್ದವಳು ಆಮೇಲೆ ಒಂದೊಂದನ್ನೇ ಬಿಡುತ್ತ ಬಂದು, ಈಗ ಮೊಸರನ್ನ, ದೋಸೆ, ಬಿಸ್ಕತ್ತು ಮತ್ತು ಹಾಲು ಇಷ್ಟಕ್ಕೇ ನಿಂತಿದ್ದಾಳೆ. ಅನ್ನದಲ್ಲಿ ಒಂದು ಕರಿಬೇವಿನ ಎಲೆ ಕಂಡರೂ ತಟ್ಟೆಯನ್ನು ದೂರ ಸರಿಸುತ್ತಾಳೆ. ಸೊಪ್ಪಿನ ಸಾರು, ಮುದ್ದೆ, ಪಲ್ಯ ಯಾವುದಕ್ಕೂ ಬಾಯಿ ತೆರೆಯುವುದಿಲ್ಲ. ಮಗು ಉಪವಾಸ ಉಳಿಯಿತಲ್ಲ ಎಂಬ ಸಂಕಟದಿಂದ ಅತ್ತೆಯವರು ದಿನಕ್ಕೆ ನಾಲ್ಕೈದು ಲೋಟ ಹಾಲು ಕುಡಿಸುತ್ತಾರೆ. ರಾತ್ರಿ ಮೊಬೈಲ್ ಮುಂದಿಟ್ಟರೆ ಮಾತ್ರ ನಾಲ್ಕು ತುತ್ತು ಒಳಗೆ ಹೋಗುತ್ತದೆ.

ಕಳೆದ ವಾರ ಅಂಗನವಾಡಿಯಲ್ಲಿ ತೂಕ ನೋಡಿದಾಗ 14 ಕಿಲೋ ಇತ್ತು. ಅಲ್ಲಿ ಮಾತ್ರ ಬೇರೆ ಮಕ್ಕಳ ಸಾಲಿನಲ್ಲಿ ಕುಳಿತು ಅನ್ನ ಸಾಂಬಾರು ತಿನ್ನುತ್ತಾಳೆ ಎಂದು ಶಿಕ್ಷಕಿಯವರು ಹೇಳುತ್ತಾರೆ. ನನಗೆ ನಂಬಲು ಕಷ್ಟವಾಗುತ್ತಿದೆ. ಹಸಿವು ಹೆಚ್ಚಿಸುವ ಟಾನಿಕ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಕೊಡಿಸಿ ಎಂದು ನೆರೆಯವರು ಹೇಳುತ್ತಿದ್ದಾರೆ. ಕೊಡಬಹುದೇ? ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಮಕ್ಕಳ ವೈದ್ಯೆ, ಚಿಕ್ಕಮಗಳೂರು

ಸಹೋದರಿ, ಮೊದಲು ತೂಕದ ಬಗ್ಗೆ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ನಕ್ಷೆಯಂತೆ ನಾಲ್ಕು ವರ್ಷ ತುಂಬಿದ ಹೆಣ್ಣುಮಕ್ಕಳ ಮಧ್ಯಮ ತೂಕ ಸುಮಾರು 16 ಕಿಲೋ, 12.3 ಕಿಲೋಗಿಂತ ಕೆಳಗಿದ್ದರೆ ಕಡಿಮೆ ತೂಕವೆಂದು ಗುರುತಿಸುತ್ತಾರೆ. ನಿಮ್ಮ ಮಗಳು ಸಣ್ಣ ಮೈಕಟ್ಟಿನವಳಿರಬಹುದು, ಆದರೆ ಆ ಗೆರೆಯಿಂದ ಸಾಕಷ್ಟು ಮೇಲಿದ್ದಾಳೆ. ಒಂದು ದಿನದ ತೂಕಕ್ಕಿಂತ ತಿಂಗಳಿಂದ ತಿಂಗಳಿಗೆ ನಕ್ಷೆಯ ಗೆರೆ ಮೇಲಕ್ಕೆ ಹೋಗುತ್ತಿದೆಯೇ ಎಂಬುದನ್ನು ನೋಡಿ. ಹುಟ್ಟಿದಾಗಿನ ತೂಕ ಮೊದಲ ವರ್ಷದಲ್ಲಿ ಮೂರು ಪಟ್ಟಾಗುತ್ತದೆ. ಎರಡು ವರ್ಷದ ನಂತರ ವರ್ಷಕ್ಕೆ ಹೆಚ್ಚುವುದು ಸುಮಾರು 2 ಕಿಲೋ ಅಷ್ಟೆ. ಬೆಳವಣಿಗೆ ನಿಧಾನವಾದಂತೆ ಹಸಿವೂ ಇಳಿಯುತ್ತದೆ, ಅದೇ ವಯಸ್ಸಿಗೆ ಹೊಸ ಆಹಾರದ ಅಂಜಿಕೆಯೂ ಸೇರಿಕೊಳ್ಳುತ್ತದೆ. ಎರಡರಿಂದ ಆರು ವರ್ಷದ ನಡುವೆ ಬಹಳ ಮಕ್ಕಳು ಹೀಗೆಯೇ ಇರುತ್ತಾರೆ.

ನನಗೆ ಚಿಂತೆಯಾಗುವುದು ಹಾಲಿನ ವಿಷಯದಲ್ಲಿ. ನಾಲ್ಕೈದು ಲೋಟವೆಂದರೆ ಮುಕ್ಕಾಲು ಲೀಟರ್ ದಾಟಿರಬಹುದು. ಅಷ್ಟು ಹಾಲು ಹೊಟ್ಟೆಯಲ್ಲಿರುವ ಮಗುವಿಗೆ ಊಟದ ಹೊತ್ತಿಗೆ ಹಸಿವಾಗುವುದಾದರೂ ಹೇಗೆ? ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಈ ವಯಸ್ಸಿಗೆ ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿಪಡಿಸಿದೆ. ಅದು ಕಾಳು, ಸೊಪ್ಪು, ಮೊಟ್ಟೆ, ಮಾಂಸಗಳಿಂದ ಬರಬೇಕು. ಹಾಲೇ ಊಟವಾದ ಮಕ್ಕಳಲ್ಲಿ ರಕ್ತಹೀನತೆಯೂ ಮಲಬದ್ಧತೆಯೂ ಬರುತ್ತವೆ, ಅವೆರಡೂ ಹಸಿವನ್ನು ಮತ್ತಷ್ಟು ತಗ್ಗಿಸುತ್ತವೆ. ಆದ್ದರಿಂದ ಹಾಲನ್ನು ದಿನಕ್ಕೆ 400 ಮಿಲಿ ಆಸುಪಾಸಿಗೆ ಇಳಿಸಿ, ಊಟಕ್ಕೆ ಮುಂಚಿನ ಎರಡು ಗಂಟೆ ಕೊಡಬೇಡಿ. ನಮ್ಮ ಕಡೆಯ ಮನೆಗಳಲ್ಲಿ ಮಕ್ಕಳಿಗೂ ಕಾಫಿ ಕೊಡುವುದುಂಟು. ಅದು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುವುದರಿಂದ ಬೇಡವೇ ಬೇಡ.

ಅಂಗನವಾಡಿಯಲ್ಲಿ ತಿನ್ನುತ್ತಾಳೆ ಎಂಬ ಮಾತನ್ನು ದಯವಿಟ್ಟು ನಂಬಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಇದೆ. ಅಲ್ಲಿ ಊಟಕ್ಕೆ ಹೊತ್ತು ಗೊತ್ತಿದೆ, ನಡುವೆ ಬಿಸ್ಕತ್ತು ಇಲ್ಲ, ಎಲ್ಲರಿಗೂ ಒಂದೇ ಅಡುಗೆ, ತಿನ್ನೆಂದು ಯಾರೂ ಬೇಡಿಕೊಳ್ಳುವುದಿಲ್ಲ. ಏನು, ಯಾವಾಗ, ಎಲ್ಲಿ ಬಡಿಸಬೇಕೆಂಬುದನ್ನು ಹಿರಿಯರು ತೀರ್ಮಾನಿಸಬೇಕು. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದನ್ನು ಮಗುವಿಗೆ ಬಿಡಬೇಕು ಎಂದು ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿದ್ದಾರೆ. ನಾನು ತಾಯಂದಿರಿಗೆ ಹೇಳುವುದೂ ಇದನ್ನೇ.

ಟಾನಿಕ್ ಬೇಡ. ಹಸಿವು ಹೆಚ್ಚಿಸುವ ಅಂಥ ಔಷಧಿಗಳಲ್ಲಿ ಕೆಲವು ಮಂಪರು ತರಿಸುತ್ತವೆ, ನಿಲ್ಲಿಸಿದ ಮೇಲೆ ಹಸಿವು ಮತ್ತೆ ಮೊದಲಿನಂತೆಯೇ ಆಗುತ್ತದೆ. ವೈದ್ಯರು ನೋಡಿ ಬರೆದುಕೊಡದೆ ಕೊಡಲೇಬಾರದು.

ಉತ್ತರ: ಕಡೂರಿನ ಓದುಗರು

ನಮ್ಮ ಮಗನೂ ತರಕಾರಿ ಮುಟ್ಟುತ್ತಿರಲಿಲ್ಲ. ಕ್ಯಾರೆಟ್, ಬೀಟ್‌ರೂಟ್, ಪಾಲಕ್ ಸೊಪ್ಪನ್ನು ನುಣ್ಣಗೆ ರುಬ್ಬಿ ದೋಸೆ ಹಿಟ್ಟಿಗೆ ಬೆರೆಸಿ, ಅವನಿಗೆ ಹೇಳದೆ ಕೊಡುತ್ತೇವೆ. ತಿನ್ನುತ್ತಾನೆ. ನೀವೂ ಪ್ರಯತ್ನಿಸಿ ನೋಡಬಹುದು.

ಉತ್ತರ: ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಮೂಡಿಗೆರೆ

ತಂಗಿ, ಡಾಕ್ಟರಮ್ಮನವರ ಮಾತು ಸರಿಯಾಗಿದೆ. ಅಡುಗೆಮನೆಯ ಕಡೆಯಿಂದ ನಾನೊಂದಿಷ್ಟು ಸೇರಿಸುತ್ತೇನೆ.

ಕಡೂರಿನವರು ಹೇಳಿದಂತೆ ತರಕಾರಿ ಬೆರೆಸಿದ ದೋಸೆ ಒಳ್ಳೆಯದೇ, ಆದರೆ ಮಗುವಿನ ಕಣ್ಣು ತಪ್ಪಿಸಿ ಬೆರೆಸುವುದು ನನಗೆ ಒಪ್ಪಿಗೆಯಿಲ್ಲ. ಗೊತ್ತಾದ ದಿನ ಅದು ದೋಸೆಯನ್ನೂ ಅನುಮಾನದಿಂದ ನೋಡತೊಡಗಿದರೆ ಇದ್ದ ಒಂದು ತಿಂಡಿಯೂ ಕೈಬಿಟ್ಟು ಹೋಗುತ್ತದೆ. ಹಸಿರು ದೋಸೆ ಎಂದೇ ಹೇಳಿ, ಸೊಪ್ಪನ್ನು ಅವಳ ಕೈಯಿಂದಲೇ ಬಿಡಿಸಿಸಿ.

ಅವಳಿಗೆ ಮೊಸರನ್ನ ಇಷ್ಟವಲ್ಲವೇ? ಅಲ್ಲಿಂದಲೇ ದಾರಿ ಹುಡುಕಬೇಕು. ಮೊಸರನ್ನದಿಂದ ಒಂದು ಹೆಜ್ಜೆ ಮುಂದಕ್ಕೆ ಇರುವುದು ನಮ್ಮ ತಂಬುಳಿ. ದೊಡ್ಡಪತ್ರೆ ಅಥವಾ ಒಂದೆಲಗದ ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ, ಜೀರಿಗೆಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಖಾರವಿರುವುದಿಲ್ಲ, ಹುಳಿಯ ರುಚಿ ಅವಳಿಗೆ ಪರಿಚಿತವೇ. ಮೊದಲು ತಟ್ಟೆಯ ಅಂಚಿಗೆ ಒಂದು ಚಮಚ ಬಡಿಸಿ ಸುಮ್ಮನಿರಿ. ನಂತರ ಸೌತೆಕಾಯಿ ತುರಿದ ಮೊಸರುಬಜ್ಜಿ, ಆಮೇಲೆ ಮಜ್ಜಿಗೆಹುಳಿ, ಅದರಲ್ಲಿನ ಬೂದುಗುಂಬಳದ ಒಂದು ಹೋಳು. ಬಸ್ಸಾರು ಮಾಡುವ ದಿನ ಕಾಳು ಸೊಪ್ಪು ಬಸಿದ ಕಟ್ಟನ್ನು ಖಾರ ಹಾಕುವ ಮೊದಲೇ ಸ್ವಲ್ಪ ತೆಗೆದಿಟ್ಟು, ತುಪ್ಪ ಹಾಕಿ ಅನ್ನಕ್ಕೆ ಕಲಸಿ ಕೊಡಿ. ಹೊಸ ರುಚಿಯೊಂದು ಮಗುವಿಗೆ ಒಗ್ಗಬೇಕಾದರೆ ಹತ್ತು ಹದಿನೈದು ಸಲವಾದರೂ ಕಣ್ಣಿಗೆ, ಕೈಗೆ, ನಾಲಿಗೆಗೆ ಬೀಳಬೇಕು. ಎರಡು ಸಲಕ್ಕೆ ಬೇಡವೆಂದಿತೆಂದು ನಾವೇ ಕೈಬಿಡಬಾರದು.

ಮುದ್ದೆಯನ್ನು ಅಗಿಯದೆ ನುಂಗಬೇಕೆಂಬುದು ಚಿಕ್ಕ ಮಗುವಿಗೆ ತಿಳಿಯುವುದಿಲ್ಲ, ಬಾಯಿಗೆ ಅಂಟಿಕೊಂಡರೆ ಹೆದರುತ್ತದೆ. ಸದ್ಯಕ್ಕೆ ರಾಗಿ ದೋಸೆ ಸಾಕು. ಹುರಿಹಿಟ್ಟನ್ನು ಹಾಲು ಬೆಲ್ಲದಲ್ಲಿ ಕಲಸಿ ಸಂಜೆಗೆ ಕೊಟ್ಟರೆ ಬಿಸ್ಕತ್ತಿನ ಜಾಗ ತುಂಬುತ್ತದೆ. ಕಡಲೆಬೀಜವನ್ನು ಇಡಿಯಾಗಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ.

ಅತ್ತೆಯವರನ್ನು ಎದುರುಹಾಕಿಕೊಂಡು ಇದು ಆಗುವ ಕೆಲಸವಲ್ಲ, ಅವರಿಗೂ ಇದರಲ್ಲಿ ಪಾಲು ಕೊಡಿ. ಅವರೆಕಾಯಿಯ ಕಾಲ ಬಂದಾಗ ನೆನೆಸಿದ ಕಾಳನ್ನು ಅಜ್ಜಿ ಮೊಮ್ಮಗಳು ಜೊತೆಯಲ್ಲಿ ಕುಳಿತು ಹಿಚುಕಲಿ. ಬೆರಳ ನಡುವಿನಿಂದ ಬೇಳೆ ಪುಳಕ್ಕನೆ ಹಾರುವುದನ್ನು ಮೆಚ್ಚದ ಮಗುವನ್ನು ನಾನು ಕಂಡಿಲ್ಲ, ತಾನು ಹಿಚುಕಿದ್ದನ್ನು ರುಚಿ ನೋಡದ ಮಗುವೂ ಅಪರೂಪ. ಅಕ್ಕಿರೊಟ್ಟಿಯ ಹಿಟ್ಟನ್ನು ಬಾಳೆಎಲೆಯ ಮೇಲೆ ತಟ್ಟಲು ಅವಳಿಗೂ ಒಂದು ಉಂಡೆ ಕೊಡಿ.

ಮರುಪ್ರಶ್ನೆ: ಬೇಲೂರು ತಾಲ್ಲೂಕಿನ ತಾಯಿ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಹಾಲು ಕಡಿಮೆ ಮಾಡಿದರೆ ಮೂಳೆ ಸೊರಗುತ್ತದೆ ಎಂದು ಅತ್ತೆಯವರು ಹೆದರುತ್ತಾರೆ. ಮೊಬೈಲ್ ಇಲ್ಲದೆ ರಾತ್ರಿ ಏನೂ ತಿನ್ನದೆ ಮಲಗಿದರೆ ನಾನೇನು ಮಾಡಬೇಕು?

ಉತ್ತರ: ಮಕ್ಕಳ ವೈದ್ಯೆ, ಚಿಕ್ಕಮಗಳೂರು

ಈ ವಯಸ್ಸಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 550 ಮಿಲಿಗ್ರಾಂ. 400 ಮಿಲಿ ಹಸುವಿನ ಹಾಲಿನಲ್ಲಿಯೇ ಅದರ ಬಹುಪಾಲು ಸಿಗುತ್ತದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಇರುವುದರಿಂದ ಎರಡು ರಾಗಿ ದೋಸೆ, ಒಂದಿಷ್ಟು ಮೊಸರು ಸೇರಿದರೆ ಕೊರತೆಯಾಗದು. ಇದನ್ನು ಅತ್ತೆಯವರಿಗೆ ಸಮಾಧಾನದಿಂದ ತಿಳಿಸಿ.

ರಾತ್ರಿಯ ತಟ್ಟೆಯಲ್ಲಿ ಅವಳು ತಿನ್ನುವ ಮೊಸರನ್ನವೂ ಸ್ವಲ್ಪ ಇದ್ದೇ ಇರಲಿ. ಮನೆಯವರು ಉಣ್ಣುವುದರಲ್ಲಿ ಒಂದೆರಡು ಬಗೆ ಚಮಚದಷ್ಟು ಪಕ್ಕದಲ್ಲಿರಲಿ. ಎಲ್ಲರೂ ಜೊತೆಗೆ ಕುಳಿತು ಅರ್ಧ ಗಂಟೆಯಲ್ಲಿ ಮುಗಿಸಿ, ತಿಂದಷ್ಟಕ್ಕೆ ತಟ್ಟೆ ಎತ್ತಿಬಿಡಿ. ಹೊಗಳಿಕೆಯೂ ಬೇಡ, ಗದರಿಕೆಯೂ ಬೇಡ, ಪಲ್ಯ ತಿಂದರೆ ಚಾಕೊಲೇಟ್ ಎಂಬ ಆಮಿಷವಂತೂ ಬೇಡ. ಮೊಬೈಲ್ ನೋಡುತ್ತ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ, ಬಾಯಿಯಲ್ಲಿರುವುದರ ರುಚಿಯೂ ಹತ್ತುವುದಿಲ್ಲ. ಮೊದಲ ಕೆಲವು ರಾತ್ರಿ ಅಳಬಹುದು, ಕಡಿಮೆ ತಿಂದು ಮಲಗಬಹುದು. ಚೆನ್ನಾಗಿರುವ ಮಗುವಿಗೆ ಅದರಿಂದ ಅಪಾಯವಿಲ್ಲ. ಬೆಳಗ್ಗೆ ಎದ್ದೊಡನೆ ಹಾಲಿನ ಲೋಟಕ್ಕಿಂತ ಮೊದಲು ತಿಂಡಿ ಬಡಿಸಿ.

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ನೋಡಿಸಿ. ಮೂರು ತಿಂಗಳು ತೂಕ ಒಂದಿಷ್ಟೂ ಏರದಿದ್ದರೆ, ಮಣ್ಣು ಅಥವಾ ಬಳಪ ತಿನ್ನುತ್ತಿದ್ದರೆ, ಮುಖ ಬಿಳಿಚಿಕೊಂಡಿದ್ದರೆ, ಗಟ್ಟಿ ಆಹಾರಕ್ಕೆ ಪ್ರತಿಸಲವೂ ಉಬ್ಬಳಿಸಿ ವಾಂತಿ ಮಾಡುತ್ತಿದ್ದರೆ ಕಾಯದೆ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿ. ಜಂತುಹುಳುವಿನ ಮಾತ್ರೆಯನ್ನು ಅಂಗನವಾಡಿಯಲ್ಲಿ ಕೊಡುವ ದಿನ ತಪ್ಪಿಸಬೇಡಿ.